ಬೇಲಿಯಾಚೆ ಸುರಿದದ್ದು

ಹೋದ ತಿಂಗಳು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆ. ಅಡುಗೆಮನೆಯಿಂದ ಒಗ್ಗರಣೆಯ ಚಟಪಟ ಕೇಳಿಸಿತು, ಅದರ ಬೆನ್ನಿಗೇ ಕರಿಬೇವಿನ ವಾಸನೆ ಬಂತು. ಉಳಿದವರೆಲ್ಲ ಮೂಗರಳಿಸಿ ಊರಿನ ಮಾತು ತೆಗೆದರು. ನಾನು ಹಿಂಬಾಗಿಲು ತೆರೆದು ಹೊರಗೆ ಹೋಗಿ ನಿಂತೆ. ಊಟಕ್ಕೆ ಕೂತಾಗ ನಾನು ಒಂದೊಂದೇ ಎಲೆ ಆರಿಸಿ ತಟ್ಟೆಯ ಅಂಚಿಗೆ ಇಡುವುದನ್ನು ನೋಡಿ ಗೆಳತಿಯ ಅತ್ತೆ, ಚಿಕ್ಕ ಮಕ್ಕಳ ಹಾಗೆ ಕರಿಬೇವು ಬಿಡುತ್ತೀಯಲ್ಲ ಎಂದರು. ಅಲರ್ಜಿ ಎಂದೆ. ಅದು ಸುಳ್ಳು. ಕೆಲವು ವರ್ಷಗಳ ಹಿಂದೆ ಡಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಕಳೆದ ಒಂದು ಬೇಸಿಗೆಯಿಂದ ಈಚೆಗೆ ಆ ವಾಸನೆ ಬಂದಲ್ಲಿ ನಾನು ನಿಲ್ಲಲಾರೆ.

ನಾನು ಗದಗಿನವಳು. ಬೀದರಿನಲ್ಲಿ ಪಶುವೈದ್ಯಕೀಯ ಓದಿ, ಕಾಡುಪ್ರಾಣಿಗಳ ಬಗ್ಗೆ ಇನ್ನೂ ಓದಲು ಟೆಕ್ಸಸ್‌ಗೆ ಬಂದಿದ್ದೆ. ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರು ಎಳೆದವಳು. ಹೇಸಿಗೆ ಎಂಬುದು ನನಗೆ ಸುಲಭಕ್ಕೆ ಆಗುತ್ತಿರಲಿಲ್ಲ. ಅದಕ್ಕೇ ಇರಬೇಕು, ನಮ್ಮ ಪ್ರೊಫೆಸರ್ ಆ ಕೆಲಸವನ್ನು ನನಗೇ ಕೊಟ್ಟರು. ಡಾಲಸ್ ಸುತ್ತಲಿನ ಬಡಾವಣೆಗಳಲ್ಲಿ ಕಯೋಟಿಗಳು ಏನು ತಿಂದು ಬದುಕುತ್ತಿವೆ ಎಂದು ಅವರಿಗೆ ತಿಳಿಯಬೇಕಿತ್ತು. ಕಯೋಟಿ ಎಂದರೆ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಉದ್ದ ಮೂತಿ, ಬೂದುಗೆಂಪು ಮೈ. ಬಯಲಿನ ಪ್ರಾಣಿ. ಊರು ಬೆಳೆದು ಬಯಲನ್ನು ನುಂಗಿತು, ಇವು ಮಾತ್ರ ಬಿಟ್ಟು ಹೋಗಲಿಲ್ಲ. ಮಳೆನೀರು ಹರಿಯುವ ಹಳ್ಳಗಳು, ಹೈವೇ ಕೆಳಗಿನ ಮೋರಿಗಳು, ಗಾಲ್ಫ್ ಮೈದಾನದ ಪೊದೆಗಳು, ಎಲ್ಲವೂ ಅವುಗಳ ದಾರಿಯಾದವು. ಏನು ತಿಂದಿವೆ ಎಂದು ತಿಳಿಯಲು ಇರುವ ನಂಬುವಂಥ ದಾರಿ ಒಂದೇ. ಅವುಗಳ ಹಿಕ್ಕೆ ಕೆದಕಿ ನೋಡಬೇಕು.

ಬೆಳಗಾಗುತ್ತಲೇ ಹಳ್ಳದ ಪಕ್ಕದ ಕಾಲುದಾರಿಗಳಲ್ಲಿ ನಡೆದು, ಕಂಡ ಹಿಕ್ಕೆಯನ್ನು ಕಾಗದದ ಚೀಲಕ್ಕೆ ಹಾಕಿ, ಜಾಗ ಮತ್ತು ತಾರೀಖು ಬರೆದುಕೊಳ್ಳುತ್ತಿದ್ದೆ. ಅದರಲ್ಲಿ ಹುಳುವಿನ ಮೊಟ್ಟೆಗಳಿರುತ್ತವೆ, ಅವು ಸಾಯಲೆಂದು ಲ್ಯಾಬಿನ ಒಲೆಯಲ್ಲಿಟ್ಟು ಒಣಗಿಸಬೇಕು. ಆಮೇಲೆ ಹೆಂಗಸರ ಕಾಲುಚೀಲದ ನೈಲಾನ್ ಬಟ್ಟೆಯಲ್ಲಿ ಒಂದೊಂದನ್ನೇ ಕಟ್ಟಿ ವಾಷಿಂಗ್ ಮಷೀನಿಗೆ ಹಾಕಬೇಕು. ಅದೇ ಕೆಲಸಕ್ಕೆಂದು ಒಂದು ಹಳೆಯ ಮಷೀನು ಇತ್ತು. ತೊಳೆದು ಉಳಿದದ್ದನ್ನು ತಟ್ಟೆಯಲ್ಲಿ ಹರಡಿ ಚಿಮಟದಿಂದ ಬೇರ್ಪಡಿಸುವುದು: ಮೊಲದ ಕೂದಲು, ಇಲಿಯ ಹಲ್ಲು, ಹಕ್ಕಿಯ ಪುಕ್ಕದ ಕಡ್ಡಿ, ಕಾಡುಹಣ್ಣಿನ ಬೀಜ. ನಡುನಡುವೆ ಊರಿನದೂ ಸಿಗುತ್ತಿತ್ತು. ಬಿಸ್ಕತ್ತಿನ ಕವರಿನ ಚೂರು, ಚಪ್ಪಲಿಯ ರಬ್ಬರು, ಒಮ್ಮೆ ಮಗುವಿನ ಡಯಪರಿನ ಅಂಟು. ಮೊದಲ ವಾರ ಮಾಸ್ಕಿನೊಳಗೇ ಓಕರಿಸಿದೆ. ಆಮೇಲೆ ಅಭ್ಯಾಸವಾಯಿತು.

ನಾನಿದ್ದದ್ದು ಸುಧಾ ಆಂಟಿಯ ಮನೆಯ ಮಹಡಿಯ ಕೋಣೆಯಲ್ಲಿ. ಅವರು ಮೈಸೂರಿನವರು. ಗಂಡ ಮೋಹನ್ ಅಂಕಲ್ ಸಾಫ್ಟ್‌ವೇರ್ ಕೆಲಸದಲ್ಲಿದ್ದರು, ಮಗಳು ಅನ್ವಿಗೆ ಎಂಟು ವರ್ಷ. ಆಂಟಿ ವಾರಾಂತ್ಯಕ್ಕೆ ಸುತ್ತಲಿನ ಭಾರತೀಯರ ಮನೆಗಳಿಗೆ ಊಟದ ಡಬ್ಬಿ ಕಳಿಸುತ್ತಿದ್ದರು. ಶುಕ್ರವಾರ ಬಿಸಿಬೇಳೆ ಬಾತ್, ಭಾನುವಾರ ಪಲಾವು, ಸಾಗು, ಪೂರಿ. ಗ್ಯಾರೇಜಿನಲ್ಲಿ ಸಾಲಾಗಿ ಡಬ್ಬಿ ಜೋಡಿಸಿ ತುಂಬುವಾಗ ನಾನೂ ಕೈಜೋಡಿಸುತ್ತಿದ್ದೆ, ಅದಕ್ಕೆ ಬಾಡಿಗೆಯಲ್ಲಿ ರಿಯಾಯಿತಿ ಇತ್ತು. ಆಂಟಿ ಕೆಟ್ಟವರೆಂದು ಹೇಳಿದರೆ ನನ್ನ ನಾಲಗೆ ಸೇದಿಹೋಗಬೇಕು. ನಾನು ಜ್ವರ ಬಂದು ಮಲಗಿದ್ದಾಗ ಮೆಣಸಿನ ಸಾರು ಮಾಡಿ ಮೆಟ್ಟಿಲು ಹತ್ತಿ ತಂದವರು. ಮಂಡಿನೋವಿದ್ದರೂ ದಿನಕ್ಕೆ ಮೂರು ಸಲ ಹತ್ತಿದರು.

ಉಳಿದ ಅಡುಗೆಯದೇ ದೊಡ್ಡ ತಲೆನೋವು. ಅನ್ನ ಹಾಕಿ ಹಾಕಿ ಸಿಂಕು ಒಮ್ಮೆ ಕಟ್ಟಿಕೊಂಡು, ಕರಿಬಣ್ಣದ ನೀರು ಅಡುಗೆಮನೆಯ ನೆಲಕ್ಕೆಲ್ಲ ಹರಿದಿತ್ತು. ಕಸದ ಗಾಡಿ ಬರುವುದು ವಾರಕ್ಕೊಂದೇ ಸಲ. ಡಾಲಸಿನ ಸೆಕೆಗೆ ತೊಟ್ಟಿಯೊಳಗಿನ ಸಾಗು ಎರಡನೆಯ ದಿನಕ್ಕೆ ನೊರೆ ಬಂದು, ಮೂರನೆಯ ದಿನಕ್ಕೆ ಹುಳ ಬೀಳುತ್ತಿತ್ತು. ನಾತ ಬರುತ್ತಿದೆ ಎಂದು ಬಡಾವಣೆಯ ಸಂಘದಿಂದ ಕಾಗದ ಬಂತು. ಅಂದಿನಿಂದ ಆಂಟಿ ಒಂದು ನೀಲಿ ಬಕೆಟ್ಟಿನಲ್ಲಿ ಉಳಿದದ್ದನ್ನೆಲ್ಲ ಹಾಕಿ, "ಜಯಾ, ಇದನ್ನ ಹಿಂದೆ ಸುರಿದುಬಿಟ್ಟು ಬಾಮ್ಮ, ಮಣ್ಣಿಗೆ ಗೊಬ್ಬರ ಆಗುತ್ತೆ" ಎನ್ನುತ್ತಿದ್ದರು. ಹಿತ್ತಲಿನ ಮರದ ಬೇಲಿಗೊಂದು ಬಾಗಿಲಿತ್ತು. ಅದರಾಚೆ ಇಳಿಜಾರು, ಕೆಳಗೆ ಹಳ್ಳ. ಸಂಜೆ ಪಾತ್ರೆ ತೊಳೆದಾದ ಮೇಲೆ ನಾನು ಬಾಗಿಲು ತೆರೆದು ಸುರಿದು ಬರುತ್ತಿದ್ದೆ. ಮಾರನೆಯ ದಿನ ನೋಡಿದರೆ ಒಂದು ಅಗುಳೂ ಇರುತ್ತಿರಲಿಲ್ಲ. ಇಲಿ ಹೆಗ್ಗಣ ತಿಂದಿರಬೇಕು ಎಂದುಕೊಂಡೆ. ಕಯೋಟಿಗಳು ಏನು ತಿನ್ನುತ್ತವೆ ಎಂದು ಓದಲು ಏಳು ಸಮುದ್ರ ದಾಟಿ ಬಂದವಳಿಗೆ ಅಷ್ಟು ಹೊಳೆಯಲಿಲ್ಲ. ಅಥವಾ ಹೊಳೆಯಲು ನಾನು ಬಿಡಲಿಲ್ಲ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ತಟ್ಟೆಯಲ್ಲಿ ಹರಡಿದ ಹಿಕ್ಕೆಯೊಳಗಿಂದ ಒಂದು ಎಲೆ ಬಂತು. ಮಧ್ಯದ ನರ ಗಟ್ಟಿ, ತುದಿ ಚೂಪು, ಅಂಚು ಸ್ವಲ್ಪ ಸುಟ್ಟು ಕಪ್ಪಾಗಿತ್ತು. ಅದರ ಕೆಳಗೆ ಇನ್ನೊಂದು. ಆಮೇಲೆ ಸಾಸಿವೆ ಕಾಳು, ಅರ್ಧ ಕಡಲೆಬೇಳೆ, ಏಲಕ್ಕಿ ಸಿಪ್ಪೆ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕನ್ ಹುಡುಗಿ ಇದು ಯಾವ ಗಿಡದ ಎಲೆಯೆಂದು ಕೇಳಿದಳು. ಗೊತ್ತಿಲ್ಲ ಎಂದೆ. ಚೀಲದ ಮೇಲೆ ನನ್ನದೇ ಅಕ್ಷರದಲ್ಲಿ ನಮ್ಮ ಹಳ್ಳದ ಹೆಸರಿತ್ತು. ಸುಧಾ ಆಂಟಿ ಹುರಿದ ಕರಿಬೇವು ಕಯೋಟಿಯ ಕರುಳಿನಲ್ಲಿ ಹಾದು, ಕಾಲುಚೀಲದಲ್ಲಿ ತೊಳೆದುಕೊಂಡು, ನನ್ನ ಚಿಮಟದ ತುದಿಗೆ ಬಂದಿತ್ತು. ಅದೇ ಬಾಣಲೆಯ ಬಿಸಿಬೇಳೆ ಬಾತ್ ನನ್ನ ಚೀಲದೊಳಗಿನ ಮಧ್ಯಾಹ್ನದ ಡಬ್ಬಿಯಲ್ಲಿಯೂ ಇತ್ತು. ಅಂದು ಊಟ ಸೇರಲಿಲ್ಲ.

ಸಂಜೆ ಆಂಟಿಗೆ ಹೇಳಿದೆ. ಹಿಂದ ಹಾಕಬ್ಯಾಡ್ರಿ ಆಂಟಿ, ರುಚಿ ಹತ್ತಿದರೆ ಅವು ಮನುಷ್ಯರಿಗೆ ಹೆದರುವುದನ್ನು ಬಿಡುತ್ತವೆ ಎಂದೆ. ಅವರು ಕೇಳಿಸಿಕೊಂಡು, ನಿನಗೆ ಹೇಸಿಗೆಯಾದರೆ ನೀನು ತೆಗೆದುಕೊಂಡು ಹೋಗಬೇಡ ಬಿಡು ಎಂದರು. ಅಂದಿನಿಂದ ಬಕೆಟ್ಟು ಎತ್ತಲು ನನ್ನನ್ನು ಕರೆಯಲಿಲ್ಲ. ಸುರಿಯುವುದೇ ನಿಂತಿದೆ ಎಂದು ನಂಬಿಕೊಂಡೆ. ಹಾಗೆ ನಂಬುವುದು ಹಿತವಾಗಿತ್ತು. ಒಮ್ಮೆಯೂ ಬೇಲಿಯ ಬಾಗಿಲು ತೆರೆದು ನೋಡಲಿಲ್ಲ.

ಜೂನ್ ಮೊದಲ ವಾರ, ಶಾಲೆಗೆ ರಜೆ ಶುರುವಾಗಿತ್ತು. ನಾನು ಮನೆಗೆ ಬರುವಷ್ಟರಲ್ಲಿ ಆಂಟಿ, ಅಂಕಲ್, ಅನ್ವಿ ಆಸ್ಪತ್ರೆಯಲ್ಲಿದ್ದರು. ಹಿತ್ತಲಲ್ಲಿ ಆಡುತ್ತಿದ್ದ ಮಗುವಿನ ಮೀನಖಂಡಕ್ಕೆ ಕಯೋಟಿ ಬಾಯಿ ಹಾಕಿದೆ ಎಂದು ಫೋನಿನಲ್ಲಿ ತಿಳಿಯಿತು. ಗಾಯ ಆಳವಿರಲಿಲ್ಲ, ಆದರೆ ರೇಬೀಸ್ ಭಯಕ್ಕೆ ಅಂದೇ ಚುಚ್ಚುಮದ್ದು ಶುರುಮಾಡಿದ್ದರು. ಬಂದ ಮೇಲೆ ಆಂಟಿ ಸೋಫಾದಲ್ಲಿ ಕೂತು ಅತ್ತರು. ಅನ್ವಿಯನ್ನು ಮಲಗಿಸಲು ನಾನು ಹೋದೆ. ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡು ಅವಳು ಸೂರು ನೋಡುತ್ತಿದ್ದಳು.

"ಅದು ನಿನ್ನ ಹಿಂದ ಓಡಿ ಬಂತೇನು?" ಎಂದು ಕೇಳಿದೆ.

"ನೋ. ಇಟ್ ವಾಸ್ ಜಸ್ಟ್ ವೇಟಿಂಗ್," ಎಂದಳು. ನನ್ನ ಕಡೆ ತಿರುಗಿ, "ಐ ಹ್ಯಾಡ್ ದ ಬಕೆಟ್. ಅಮ್ಮ ಸೆಡ್ ನಾಟ್ ಟು ಟೆಲ್."

ನಾನು ಎತ್ತದ ಬಕೆಟ್ಟನ್ನು ಎಂಟು ವರ್ಷದ ಮಗು ಎತ್ತಿತ್ತು. ಬಾಗಿಲಾಚೆ ಹೊತ್ತಿಗೆ ಸರಿಯಾಗಿ ಬಂದು ಕಾಯುವುದನ್ನು ಆ ಪ್ರಾಣಿ ಕಲಿತಿತ್ತು. ಮಗು ಬಕೆಟ್ಟು ಬಿಡದೆ ಅಡ್ಡ ನಿಂತಾಗ ಬಾಯಿ ಹಾಕಿತ್ತು. ನಾನು ದೀಪ ಆರಿಸಿ ನನ್ನ ಕೋಣೆಗೆ ಬಂದೆ. ಇದನ್ನು ಯಾರಿಗೂ ಹೇಳಲಿಲ್ಲ. ಬೇರೆ ಕೋಣೆ ಹುಡುಕಬೇಕು, ಇಷ್ಟು ಕಡಿಮೆಗೆ ಸಿಗುವುದಿಲ್ಲ ಎಂಬ ಯೋಚನೆ ಮೊದಲು ಬಂತು. ಮಗುವಿನ ಕಾಲಿನ ಯೋಚನೆ ಅದರ ಹಿಂದೆ ಬಂತು. ಇದೇ ಅನುಕ್ರಮದಲ್ಲಿ.

ಮರುದಿನದಿಂದ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹುಯಿಲೆದ್ದಿತು. ಅನ್ವಿಯ ಕಾಲಿನ ಫೋಟೋ, ಎಲ್ಲಿಂದಲೋ ತಂದ ಹಲ್ಲುಕಿಸಿದ ಕಯೋಟಿಯ ಫೋಟೋ, ಬಂದೂಕಿನ ಮಾತು. ಯಾರು ಇವಕ್ಕೆ ತಿನ್ನಲು ಹಾಕುತ್ತಿರುವುದು ಎಂಬ ಪ್ರಶ್ನೆ ಎದ್ದಾಗ ಎಲ್ಲರ ಬೆರಳೂ ಆರ್ಲೀನ್ ಕಡೆ ತಿರುಗಿತು. ಆಕೆ ನಮ್ಮಿಂದ ಎರಡು ಮನೆ ಆಚೆ ಒಬ್ಬರೇ ಇದ್ದ ವಯಸ್ಸಾದ ಹೆಂಗಸು. ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಹಿತ್ತಲಲ್ಲಿ ಹಕ್ಕಿಗಳಿಗೆ ಕಾಳಿನ ಬುಟ್ಟಿ ತೂಗುಹಾಕಿದ್ದರು, ಬಾಗಿಲ ಬಳಿ ಬೆಕ್ಕಿನ ತಟ್ಟೆ ಇಡುತ್ತಿದ್ದರು. ನಾನು ಚೀಲ ಹಿಡಿದು ನಡೆಯುವಾಗ, ಇವತ್ತು ಏನು ಸಿಕ್ಕಿತು ಎಂದು ಬೇಲಿಯ ಮೇಲಿಂದ ಕೇಳುತ್ತಿದ್ದರು. ಹಿಕ್ಕೆಯ ಮಾತನ್ನು ಮೂಗು ಮುರಿಯದೆ ಕೇಳಿದ ಒಬ್ಬರೇ ಅವರು.

ಸಂಘದ ಸಭೆ ಈಜುಕೊಳದ ಪಕ್ಕದ ಕೋಣೆಯಲ್ಲಿ ನಡೆಯಿತು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮೋಹನ್ ಅಂಕಲ್ ಎದ್ದು, ನಮ್ಮ ಮಕ್ಕಳು ಹಿತ್ತಲಿಗೆ ಕಾಲಿಡುವಂತಿಲ್ಲ, ಈ ಪ್ರಾಣಿಗಳನ್ನು ಮುಗಿಸಬೇಕು, ಸಾಕಿದವರಿಗೆ ದಂಡ ಹಾಕಬೇಕು ಎಂದು ಮಾತಾಡಿದರು. ಚಪ್ಪಾಳೆ ಬಿತ್ತು. ಆರ್ಲೀನ್ ಮೂಲೆಯಲ್ಲಿ ಕೂತಿದ್ದರು. ಬೆಕ್ಕಿನ ತಟ್ಟೆಯನ್ನು ಸಂಜೆಗೆ ಮುಂಚೆಯೇ ಒಳಗೆ ತೆಗೆದುಕೊಳ್ಳುತ್ತೇನೆ ಎಂದು ಹೇಳಲು ನೋಡಿದರು. ಯಾರೂ ಕಿವಿಗೊಡಲಿಲ್ಲ. ಆಗ ಸಂಘದ ಅಧ್ಯಕ್ಷ ನನ್ನತ್ತ ತಿರುಗಿ, ಈಕೆ ಇದನ್ನೇ ಓದುತ್ತಿರುವವಳು, ಕೇಳೋಣ ಎಂದ. ಹಕ್ಕಿಯ ಕಾಳು, ಬೆಕ್ಕಿನ ಊಟದಿಂದ ಕಯೋಟಿ ಬರುತ್ತದೆಯೇ ಎಂಬುದು ಅವನ ಪ್ರಶ್ನೆ.

ಆಂಟಿ ನನ್ನ ಪಕ್ಕದಲ್ಲೇ ಇದ್ದರು. ಅವರ ಅಂಗೈ ನನ್ನ ಮೊಣಕೈ ಮೇಲಿತ್ತು. ಅದು ಬೆವರಿತ್ತು.

"ಬರಬಹುದು," ಎಂದೆ.

ಒಂದೇ ಮಾತು. ಪುಸ್ತಕದ ಪ್ರಕಾರ ಸುಳ್ಳೂ ಅಲ್ಲ. ಆ ಕೋಣೆಯಲ್ಲಿ ಅದಕ್ಕಿಂತ ಹೊಲಸಾದ ಮಾತನ್ನು ಬೇರೆ ಯಾರೂ ಆಡಲಿಲ್ಲ. ಎರಡು ದಿನದೊಳಗೆ ಆರ್ಲೀನ್‌ಗೆ ದಂಡದ ಕಾಗದ ಹೋಯಿತು. ಕಾಳಿನ ಬುಟ್ಟಿಗಳು ಕೆಳಗಿಳಿದವು. ಆಕೆಯ ಮನೆಯ ಮುಂದಿನ ಅಂಚೆಪೆಟ್ಟಿಗೆಯ ಮೇಲೆ ಯಾರೋ ಮೊಟ್ಟೆ ಒಡೆದು ಹೋಗಿದ್ದರು. ಬಿಸಿಲಿಗೆ ಲೋಳೆ ಒಣಗಿ, ಅದರ ಮೇಲೆ ಇರುವೆ ಸಾಲುಗಟ್ಟಿದ್ದು ಕಂಡಿತು. ನಾನು ಬೆಳಗಿನ ನಡಿಗೆಗೆ ಬೇರೆ ದಾರಿ ಹಿಡಿದೆ.

ಕಯೋಟಿ ಹಿಡಿಯಲೆಂದು ಸಂಘದವರು ಕರೆಸಿದವನು ಹಳ್ಳದಲ್ಲಿ, ಮೆಟ್ಟಿದರೆ ಕಾಲು ಹಿಡಿದುಕೊಳ್ಳುವ ಕಬ್ಬಿಣದ ಬೋನುಗಳನ್ನು ಇಟ್ಟ. ವಾರ ಕಳೆದು ಒಂದು ಸಿಕ್ಕಿತು, ಅಲ್ಲೇ ಗುಂಡು ಹಾಕಿದ. ರೇಬೀಸ್ ಪರೀಕ್ಷೆಗೆ ತಲೆ ಬೇಕು, ಹಾಗಾಗಿ ತಲೆ ಕತ್ತರಿಸಿ ಕಳಿಸಿದರು. ಉಳಿದ ಮೈಯನ್ನು ನಮ್ಮ ಪ್ರೊಫೆಸರ್ ಕೇಳಿ ತರಿಸಿಕೊಂಡರು. ನೀನು ಪಶುವೈದ್ಯೆ, ನೀನೇ ಬಿಚ್ಚು ಎಂದರು.

ಸ್ಟೀಲ್ ಮೇಜಿನ ಮೇಲೆ ತಲೆಯಿಲ್ಲದ ಮೈ. ಹೆಣ್ಣು. ಮೊಲೆಗಳು ಮರಿಗಳು ಚೀಪಿ ಜೋತಿದ್ದವು, ಹಿಂಡಿದರೆ ಇನ್ನೂ ಹಾಲು ಬರುತ್ತಿತ್ತು. ಮುಂಗಾಲು ಕಬ್ಬಿಣ ಕಚ್ಚಿದಲ್ಲಿ ಮೂಳೆಯವರೆಗೆ ಸುಲಿದಿತ್ತು. ಬಿಡಿಸಿಕೊಳ್ಳಲು ತಾನೇ ಕಡಿದುಕೊಂಡ ಗುರುತುಗಳಿದ್ದವು. ಹೊಟ್ಟೆಯ ಚೀಲವನ್ನು ಕತ್ತರಿಸಿ ತಟ್ಟೆಗೆ ಮಗುಚಿದೆ. ಉಬ್ಬಿದ ಅನ್ನ ಬಂತು. ಬಟಾಣಿ, ಕ್ಯಾರೆಟ್ಟಿನ ಚೌಕ ಚೂರು, ಮುದ್ದೆಯಾದ ಪೂರಿ, ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ. ಎಲ್ಲದರ ನಡುವೆ ಕಡ್ಡಿಯ ಸಮೇತ ಒಂದು ಇಡೀ ಕರಿಬೇವಿನ ಎಸಳು, ಹಸಿರು ಕೂಡ ಮಾಸಿರಲಿಲ್ಲ. ಹುಳಿ, ರಕ್ತ, ಪಿತ್ತ, ಅದರ ಮೇಲೆ ಒಗ್ಗರಣೆಯ ವಾಸನೆ. ಹೊರಗೋಡಿ ಹೋಗಿ ಲ್ಯಾಬಿನ ಹಿಂದಿನ ಹುಲ್ಲಿನ ಮೇಲೆ ಕಕ್ಕಿದೆ. ಏಕೆಂದರೆ ಆ ಪಲಾವು ಹಿಂದಿನ ಭಾನುವಾರದ್ದು. ಡಬ್ಬಿ ತುಂಬಿದವಳು ನಾನು. ಮಗುವಿನ ಕಾಲಿಗೆ ಪಟ್ಟಿ ಕಟ್ಟಿದ ಮೇಲೂ, ಸಭೆಯಲ್ಲಿ ಚಪ್ಪಾಳೆ ಬಿದ್ದ ಮೇಲೂ, ಆ ಮನೆಯಿಂದ ಬಕೆಟ್ಟು ಹೊರಗೆ ಹೋಗಿತ್ತು.

ಮನೆಗೆ ಹೋದಾಗ ಆಂಟಿ ಹುಣಸೆಹಣ್ಣು ಕಿವುಚುತ್ತಿದ್ದರು. ಅಂಕಲ್ ಲ್ಯಾಪ್‌ಟಾಪ್ ಮುಂದೆ ಇದ್ದರು. ಹೊಟ್ಟೆಯಲ್ಲಿ ಏನಿತ್ತು ಎಂದು ಒಂದೊಂದಾಗಿ ಹೇಳಿದೆ. ಅಂಕಲ್ ತಲೆ ಎತ್ತದೆಯೇ ಮಾತಾಡಿದರು. ಮಗುವಿನ ಕೈಗೆ ಮತ್ತೆ ಕೊಟ್ಟಿಲ್ಲ, ನಾನೇ ಕೆಳಗಿನವರೆಗೆ ಹೋಗಿ ಸುರಿದು ಬರುತ್ತಿದ್ದುದು, ಹೇಗೂ ಹಿಡಿಯುತ್ತಾರಲ್ಲ, ನಾಲ್ಕು ದಿನದ ಮಾತು ಎಂದುಕೊಂಡಿದ್ದೆವು ಎಂದರು.

"ಆರ್ಲೀನ್ ಅವರಿಗೆ ದಂಡ ಹಾಕ್ಯಾರ್ರಿ," ಎಂದೆ. "ಅವರದೇನೂ ತಪ್ಪಿಲ್ಲ. ಸಂಘಕ್ಕ ನೀವು ಹೇಳ್ರಿ, ಇಲ್ಲಾಂದ್ರ ನಾ ಹೇಳ್ತೀನಿ."

ಆಂಟಿ ಕೈ ತೊಳೆದರು. ನಿಧಾನವಾಗಿ ಒರೆಸಿಕೊಂಡರು. "ಹೇಳು. ಆದ್ರೆ ಪೂರ್ತಿ ಹೇಳು, ಜಯಾ. ಎರಡು ತಿಂಗಳು ಸುರಿದಿದ್ದು ಯಾರು? ಬಕೆಟ್ ಯಾರ ಕೈಲಿತ್ತು? ಸಭೇಲಿ ಕೇಳಿದಾಗ ನಿಜ ಹೇಳದೆ ಇದ್ದಿದ್ದು ನಾನಲ್ಲ, ನೀನು."

ಮೇಲೆ ಹೋಗಿ ಸಂಘಕ್ಕೆ ಕಾಗದ ಬರೆದೆ. ಸುರಿದವಳು ನಾನು, ಆಮೇಲೆ ಈ ಮನೆಯವರು, ಪ್ರಾಣಿಯ ಹೊಟ್ಟೆಯಲ್ಲಿ ಸಿಕ್ಕಿದ್ದು ಇದು, ಆರ್ಲೀನ್‌ಗೂ ಇದಕ್ಕೂ ಸಂಬಂಧವಿಲ್ಲ, ಸಭೆಯ ದಿನ ನನಗೆ ಎಲ್ಲ ತಿಳಿದಿತ್ತು ಎಂದೆಲ್ಲ ಬರೆದು ಹೆಸರು ಹಾಕಿದೆ. ಪ್ರೊಫೆಸರ್‌ಗೂ ಒಂದು ಪ್ರತಿ ಕೊಟ್ಟೆ. ಅವರು ಓದಿ, ಕರಿಬೇವು ಸಿಕ್ಕ ದಿನವೇ ಬರೆಯಬೇಕಿತ್ತು ಎಂದಷ್ಟೇ ಹೇಳಿ, ಉಳಿದ ಕೆಲಸವನ್ನು ಬೇರೆಯವರಿಗೆ ವಹಿಸಿದರು.

ಸಂಘದ ಮುಂದೆ ಅಂಕಲ್ ಹೇಳಿದ್ದು ಬೇರೆ. ಮನೆಯಲ್ಲಿದ್ದ ವಿದ್ಯಾರ್ಥಿನಿ ತನ್ನ ಓದಿಗೆ ಹಿಕ್ಕೆ ಸಿಗಲಿ ಎಂದು ನಮಗೆ ತಿಳಿಯದಂತೆ ಅನ್ನ ಹಾಕುತ್ತಿದ್ದಳು ಎಂದರಂತೆ. ಕೇಳಿದವರಿಗೆ ಅದು ಅನುಕೂಲವಾಗಿತ್ತು. ಅವರಲ್ಲಿ ಎಷ್ಟೋ ಮಂದಿ ಭಾನುವಾರದ ಪಲಾವಿನ ಗಿರಾಕಿಗಳು. ಆರ್ಲೀನ್‌ಗೆ ಹಾಕಿದ ದಂಡವನ್ನು ರದ್ದು ಮಾಡಿದರು, ಒಂದು ಸಾಲಿನ ಕ್ಷಮೆಯನ್ನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ರೇಬೀಸ್ ಇಲ್ಲವೆಂದು ಬಂತು, ಅನ್ವಿಯ ಚುಚ್ಚುಮದ್ದು ಮುಗಿಯಿತು, ಗಾಯ ಮಾಯಿತು. ಆಂಟಿಯ ಡಬ್ಬಿಗಳು ಒಂದು ವಾರವೂ ತಪ್ಪಲಿಲ್ಲ. ಆ ಹಳ್ಳದಲ್ಲಿ ಚಳಿಗಾಲದ ಹೊತ್ತಿಗೆ ಮತ್ತೊಂದು ಜೋಡಿ ಕಯೋಟಿ ಬಂದು ಸೇರಿತೆಂದು ಆಮೇಲೆ ಲ್ಯಾಬಿನ ಹುಡುಗಿ ಹೇಳಿದಳು. ಖಾಲಿ ಜಾಗ ಖಾಲಿ ಇರುವುದಿಲ್ಲ. ಓದು ಮುಗಿಸಿ ನಾನು ಹೂಸ್ಟನ್‌ನಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿದೆ, ಈಗ ಆಸ್ಟಿನ್‌ನಲ್ಲಿ ಮಾಡುತ್ತಿದ್ದೇನೆ. ಹೂಸ್ಟನ್ ಪಕ್ಕದ ಕೇಟಿ ಊರಿನ ದೊಡ್ಡ ಮನೆಗಳಿರಲಿ, ಇಲ್ಲಿಯ ಅಪಾರ್ಟ್‌ಮೆಂಟ್‌ಗಳಿರಲಿ, ಜನ ಕರೆದು ಕಯೋಟಿ ಬಂದಿದೆ ಓಡಿಸಿ ಎನ್ನುತ್ತಾರೆ. ನಾನು ಮೊದಲು ಅವರ ಕಸದ ತೊಟ್ಟಿ ನೋಡುತ್ತೇನೆ.

ಆ ಮನೆ ಬಿಟ್ಟದ್ದು ಜುಲೈನ ಒಂದು ಬೆಳಿಗ್ಗೆ. ಆಂಟಿ ಹೊರಗೆ ಬರಲಿಲ್ಲ. ಅನ್ವಿ ಕಿಟಕಿಯಿಂದ ಕೈ ಬೀಸಿದಳು. ಸಾಮಾನು ಕಾರಿಗೆ ತುಂಬುತ್ತಿದ್ದಾಗ ಆರ್ಲೀನ್ ತಮ್ಮ ಮನೆಯಿಂದ ನಡೆದು ನನ್ನತ್ತ ಬಂದರು. ನಾನು ಬರೆದ ಕಾಗದವನ್ನು ಸಂಘದವರು ಅವರಿಗೂ ತೋರಿಸಿದ್ದರು. ಅಂಕಲ್ ಹೇಳಿದ ಕಥೆಯನ್ನು ಅವರು ನಂಬಿರಲಿಲ್ಲ. ಬೇಲಿಯಾಚೆಯಿಂದ ವಾರವಾರ ಬರುತ್ತಿದ್ದ ಅಡುಗೆಯ ವಾಸನೆ ತಮಗೂ ಗೊತ್ತಿತ್ತು ಎಂದರು. ಕಾಲು ಕಚ್ಚಿಸಿಕೊಂಡ ಮಗುವಿನ ತಾಯಿಯ ಮೇಲೆ ಆ ಹೊತ್ತಿನಲ್ಲಿ ಬೆರಳು ತೋರಿಸಲು ಮನಸ್ಸು ಬರಲಿಲ್ಲವಂತೆ. ಆಮೇಲೆ, ಕಾಗದದಲ್ಲಿ ಓದಿದ್ದನ್ನೇ ನನ್ನ ಬಾಯಿಂದ ಕೇಳಲೆಂದು, ಒಂದೇ ಪ್ರಶ್ನೆ ಕೇಳಿದರು.

"ಸಭೆಯಲ್ಲಿ ಅಧ್ಯಕ್ಷ ಕೇಳಿದಾಗ ನೀನು ನನ್ನನ್ನು ನೋಡಿದೆ. ಆಗಲೇ ನಿನಗೆ ಗೊತ್ತಿತ್ತೇ?"

ಗೊತ್ತಿತ್ತು ಎಂದೆ. ತಪ್ಪಾಯಿತು ಎಂದು ಹೇಳಿ ಕೈ ಚಾಚಿದೆ.

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಅವರ ಮೂಗಿನ ಎರಡೂ ಬದಿ ಸ್ವಲ್ಪ ಮೇಲೆ ಎಳೆದುಕೊಂಡಿತು, ಮೇಲ್ದುಟಿ ಬಿಗಿಯಿತು. ತಮ್ಮ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಬಂದ ದಾರಿಯಲ್ಲೇ ತಮ್ಮ ಮನೆಗೆ ಹೋದರು. ನಾನು ಚಾಚಿದ ಕೈಯನ್ನು ಕೆಳಗಿಳಿಸಿ, ಉಳಿದ ಪೆಟ್ಟಿಗೆಗಳನ್ನು ಎತ್ತಿಟ್ಟೆ.